ಮೂಡಲ್ ಹಾಕಿದ್ದಾಯಿತು, ಕನ್ನಡ ಎಲ್ಲಿ?

ಒಂದು ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಕ್ಲಾಸಿನ ಮೇಡಂ ಫೋನ್ ಮಾಡಿದರು. "ಸಾರ್, ಮಗು ಬರೆದಿರೋದು ಒಂದಕ್ಷರಾನೂ ಕಾಣ್ತಿಲ್ಲ. ಬರೀ ಡಬ್ಬಿ ಡಬ್ಬಿ ಬರ್ತಿದೆ" ಅಂದರು. ಹತ್ತು ವರ್ಷದ ಹುಡುಗಿ, ಊರಲ್ಲಿರುವ ಅಜ್ಜಿಗೆ ಒಂದು ಪುಟದ ಪತ್ರವನ್ನು ಅಪ್ಪನ ಲ್ಯಾಪ್‌ಟಾಪಿನಲ್ಲಿ ತಾನೇ ಟೈಪ್ ಮಾಡಿ ಕಳಿಸಿದ್ದಳು. ಮೂರು ಸಂಜೆ ಕೂತು ಮಾಡಿದ ಕೆಲಸ. ನಮ್ಮ ಸರ್ವರಿನಲ್ಲಿ ತೆರೆದರೆ ಅಜ್ಜಿಯೂ ಇಲ್ಲ, ಮೊಮ್ಮಗಳೂ ಇಲ್ಲ, ಸಾಲು ಸಾಲು ಖಾಲಿ ಚೌಕ! ಮಗು ಅಮ್ಮನಿಗೆ ಹೇಳಿತಂತೆ: "ಈ ಕಂಪ್ಯೂಟರಿಗೆ ಕನ್ನಡ ಬರಲ್ಲ. ಮುಂದಿನ ಸಲ ಇಂಗ್ಲಿಷಲ್ಲೇ ಬರೀತೀನಿ."

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ತಪ್ಪು ಮಗುವಿನದಲ್ಲ, ಕಂಪ್ಯೂಟರಿನದೂ ಅಲ್ಲ. ಆ ಸರ್ವರನ್ನು ನೋಡಿಕೊಳ್ಳುತ್ತಿದ್ದವನು ನಾನು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಕೋಲಾರದ ಕಡೆಯವನು. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ವರ್ಗವಾಗಿ ಈ ಊರಿಗೆ ಬಂದಾಗ ಇದಿನ್ನೂ ಮದ್ರಾಸು. ಮದ್ರಾಸು ಚೆನ್ನೈ ಆಗಿದ್ದು, ಕೊತ್ತವಾಲ್ ಚಾವಡಿಯ ಸಗಟು ತರಕಾರಿ ಮಾರುಕಟ್ಟೆ ಕೋಯಂಬೇಡಿಗೆ ಬಂದದ್ದು, ಎರಡೂ 1996ರಲ್ಲೇ. ಆಮೇಲೆ 2002ರಲ್ಲಿ ದೊಡ್ಡ ಬಸ್ ಸ್ಟ್ಯಾಂಡ್, 2015ರಲ್ಲಿ ಮೆಟ್ರೋ, ಎಲ್ಲ ನಮ್ಮ ಕಣ್ಣೆದುರೇ ಬಂದವು. ನಮ್ಮೂರ ಟೊಮೇಟೊ ರಾತ್ರಿ ಲಾರಿಯಲ್ಲಿ ಕೋಯಂಬೇಡಿಗೆ ಬರುತ್ತೆ. ನಾನು ಮಾತ್ರ ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರ್ತೀನಿ!

ನಮ್ಮ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ತಮಿಳು ಇದೆ. ತಮಿಳು ಕಲಿಕೆಗೆ ತಮಿಳುನಾಡು 2006ರಲ್ಲೇ ಕಾನೂನು ಮಾಡಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಇರುವ ಊರಿನ ಭಾಷೆ ಬರಲೇಬೇಕು, ಈ ಊರಿನ ಅನ್ನ ತಿಂದಿದ್ದೇವೆ. ಆದರೆ ಕನ್ನಡ ಕಲಿಸುವ ಹೊಣೆ ಮಾತ್ರ ಪೂರ್ತಿ ಮನೆಯವರದೇ. ಅದಕ್ಕೇ ಹತ್ತು ಹನ್ನೆರಡು ಮನೆಯವರು ಸೇರಿ ಭಾನುವಾರದ ಕ್ಲಾಸು ಶುರು ಮಾಡಿದೆವು. ಒಬ್ಬರ ಮನೆಯ ಹಾಲು, ಒಂದು ಕಪ್ಪು ಹಲಗೆ, ಕೊನೆಗೆ ಚಕ್ಕುಲಿ ಕಾಫಿ. ಅಷ್ಟೇ.

2020ರ ಮೇ ತಿಂಗಳಲ್ಲಿ ಕೊರೊನಾ ಹರಡಿ ಕೋಯಂಬೇಡು ಮಾರುಕಟ್ಟೆಯನ್ನೇ ಮುಚ್ಚಿದರು. ತರಕಾರಿ ವ್ಯಾಪಾರವೆಲ್ಲ ತಿರುಮಳಿಸೈ ಕಡೆಗೆ ಹೋಯಿತು. ಅಷ್ಟು ದೊಡ್ಡ ಮಾರುಕಟ್ಟೆಯೇ ಜಾಗ ಬಿಟ್ಟು ಹೋದ ಮೇಲೆ ನಮ್ಮ ಕ್ಲಾಸು ಯಾವ ಲೆಕ್ಕ? ಅದೂ ಫೋನಿಗೆ ಬಂತು. ವಾಟ್ಸಾಪಿನಲ್ಲಿ ಯಾರ ಹೋಂವರ್ಕ್ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ಕೆಳಗೆ ಮಕ್ಕಳ ಕಾಗುಣಿತ ಹೂತುಹೋಗುತ್ತಿತ್ತು. ಆಗ ನಮ್ಮಲ್ಲೇ ಒಬ್ಬರ ಮಗ, ಇಂಜಿನಿಯರಿಂಗ್ ಓದುತ್ತಿದ್ದವನು, "ಅಂಕಲ್, ನಾನೊಂದು ಮೂಡಲ್ ಹಾಕಿಕೊಡ್ತೀನಿ" ಅಂದ.

ಮೂಡಲ ಅಂದರೆ ನಮಗೆ ಪೂರ್ವ ದಿಕ್ಕು, ನಮ್ಮ ಕೋಲಾರದ ದಿಕ್ಕು. ಇದು ಆ ಮೂಡಲ ಅಲ್ಲ. ಪಾಠ, ಮನೆಗೆಲಸ, ಪರೀಕ್ಷೆ, ಅಂಕ ಎಲ್ಲವನ್ನೂ ಒಂದೇ ಕಡೆ ಇಡುವ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಪರ್ತ್ ಊರಿನ ಮಾರ್ಟಿನ್ ಡೌಗಿಯಮಾಸ್ ಶುರು ಮಾಡಿದ್ದು, 1.0 ಆವೃತ್ತಿ ಬಂದದ್ದು 2002ರ ಆಗಸ್ಟಿನಲ್ಲಿ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇದನ್ನು ಕಲಿಸುವ ಪಾಠಗಳೇ ಇವೆ. ಹುಡುಗ ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ತೆಗೆದುಕೊಂಡು ಎರಡು ದಿನದಲ್ಲಿ ಹಾಕಿಯೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುಂದೆ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದು ನನ್ನ ಕೈಗಿಟ್ಟ. "ಅಂಕಲ್, ನೀವು ಬ್ಯಾಂಕಲ್ಲಿದೀರಲ್ಲ, ನೋಡ್ಕೊಳಿ" ಅಂದ. ಬ್ಯಾಂಕಿನವನಿಗೂ ಸರ್ವರಿಗೂ ಏನು ಸಂಬಂಧವೋ!

ಈಗ ವಿಷಯಕ್ಕೆ ಬರುತ್ತೇನೆ. ನಾನು ಕಲಿತ ಒಂದೇ ಪಾಠ ಇದು: ಮೂಡಲ್ ಹಾಕುವುದು ಕೆಲಸದ ಅರ್ಧ ಭಾಗವೂ ಅಲ್ಲ. ಅದರ ಹಿಂದೆ ಹೆಸರಿಲ್ಲದೆ ದುಡಿಯುವ ಸಣ್ಣ ಸಣ್ಣ ತಂತ್ರಾಂಶಗಳಿವೆ, ಯುಟಿಲಿಟಿ ಅಂತಾರೆ. ಅವನ್ನು ಹಾಕಿ, ಹೊಂದಿಸಿ, ಕನ್ನಡಕ್ಕೆ ಒಗ್ಗಿಸದಿದ್ದರೆ ನಮ್ಮ ಕೈಲಿರುವುದು ಬರೀ ಬೋರ್ಡು.

ಕೋಯಂಬೇಡು ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಸುಮಾರು 295 ಎಕರೆ ಜಾಗ, ಸಾವಿರಾರು ಅಂಗಡಿ, ಅಂಗಡಿ ಮುಂದೆ ದೊಡ್ಡ ದೊಡ್ಡ ಹೆಸರು. ಆದರೆ ರಾತ್ರಿ ಎರಡು ಗಂಟೆಗೆ ಹೋಗಿ ನಿಂತು ನೋಡಿ. ಮಾರುಕಟ್ಟೆ ನಡೆಸುವವರು ಮೂಟೆ ಹೊರುವವರು, ತೂಕ ಹಾಕುವವರು, ಕಸ ಗುಡಿಸುವವರು. ಅವರು ಒಂದು ದಿನ ಬರದಿದ್ದರೆ ನಮ್ಮೂರ ಟೊಮೇಟೊ ಲಾರಿಯಲ್ಲೇ ಕೊಳೆಯುತ್ತೆ. ಸರ್ವರಿನಲ್ಲೂ ಇಂಥವರಿದ್ದಾರೆ. ನನಗೆ ಪಾಠ ಕಲಿಸಿದ ಕೆಲವರನ್ನು ಪರಿಚಯಿಸುತ್ತೇನೆ.

ಮೊದಲನೆಯವನು ಕ್ರಾನ್. ಬ್ಯಾಂಕಿನವರಿಗೆ ಒಂದೇ ಮಾತಲ್ಲಿ ಹೇಳುವುದಾದರೆ ನಮ್ಮ ಡೇ ಎಂಡ್ ಇದ್ದ ಹಾಗೆ. ಕೌಂಟರ್ ಮುಚ್ಚಿದ ಮೇಲೆ ಬಡ್ಡಿ ಹಾಕುವುದು, ಲೆಕ್ಕ ಹೊಂದಿಸುವುದು ಎಲ್ಲ ಹಿಂದೆ ನಡೆಯುತ್ತಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಮೂಡಲಿನ ಕ್ರಾನ್ ನಿಮಿಷಕ್ಕೊಮ್ಮೆ ಓಡಬೇಕು. ಮೇಲ್ ಕಳಿಸುವುದು, ಹಳೆಯ ಕಡತ ಅಳಿಸುವುದು, ಬ್ಯಾಕಪ್ ತೆಗೆಯುವುದು ಎಲ್ಲ ಅದರ ಪಾಲಿಗೆ ಬಂದ ಕೆಲಸ. ನಾನೇನು ಮಾಡಿದೆ ಗೊತ್ತೇ? ಬ್ಯಾಂಕಿನಲ್ಲಿ ಯಾರಾದರೂ ವರ್ಗವಾದರೆ ಅವರ ಯೂಸರ್ ಐಡಿ ತೆಗೆಯುವುದು ನಿಯಮ. ಅದೇ ಶಿಸ್ತಿನಲ್ಲಿ ಹೋದ ಹುಡುಗನ ಖಾತೆಯನ್ನು ಸರ್ವರಿನಿಂದ ಅಳಿಸಿದೆ. ಕ್ರಾನನ್ನು ಅವನು ತನ್ನ ಖಾತೆಯಲ್ಲೇ ಇಟ್ಟಿದ್ದ! ಹನ್ನೆರಡು ದಿನ ಒಬ್ಬ ಪೋಷಕರಿಗೂ ಒಂದು ಮೇಲ್ ಹೋಗಲಿಲ್ಲ. ಕ್ರಾನ್ ಓಡಿಲ್ಲ ಅಂತ ಮೂಡಲ್ ತನ್ನ ನಿರ್ವಾಹಕರ ಪುಟದಲ್ಲಿ ಎಚ್ಚರಿಕೆ ಬರೆಯುತ್ತಲೇ ಇತ್ತು. ನಾನು ಆ ಪುಟ ತೆರೆದಿದ್ದರೆ ತಾನೇ? ಕ್ರಾನನ್ನು ಯಾವ ವ್ಯಕ್ತಿಯ ಹೆಸರಿನಲ್ಲೂ ಇಡಬಾರದು. ವೆಬ್ ಸರ್ವರ್ ಯಾವ ಖಾತೆಯಲ್ಲಿ ಓಡುತ್ತೋ ಆ ಖಾತೆಯಲ್ಲೇ ಇಡಬೇಕು. ರೂಟ್ ಖಾತೆಯಲ್ಲಿ ಇಟ್ಟರೂ ತೊಂದರೆಯೇ. ಅದು ಮಾಡಿದ ಕಡತಗಳನ್ನು ಆಮೇಲೆ ವೆಬ್ ಸರ್ವರ್ ತಿದ್ದಲಾರದು.

ಎರಡನೆಯದು, ಡಬ್ಬಿ ಡಬ್ಬಿಯ ಕಥೆ. ಮಗು ವರ್ಡ್ ಕಡತ ಕಳಿಸಿದರೆ ಮೇಡಂ ಅದರ ಮೇಲೆ ಕೆಂಪು ಶಾಯಿಯಲ್ಲಿ ತಿದ್ದುವ ಹಾಗೆ ಮೂಡಲಿನಲ್ಲಿ ಏರ್ಪಾಡಿದೆ. ಆದರೆ ಮೂಡಲ್ ಒಂದೇ ಇದನ್ನು ಮಾಡುವುದಿಲ್ಲ. ವರ್ಡನ್ನು ಪಿಡಿಎಫ್ ಮಾಡಲು ಉನೊಕಾನ್ವ್ ಎನ್ನುವ ಪರಿವರ್ತಕ ಬೇಕು, ಅದರ ಹಿಂದೆ ಲಿಬ್ರೆಆಫೀಸ್ ಬೇಕು. ಪಿಡಿಎಫಿನ ಪುಟಗಳನ್ನು ಚಿತ್ರ ಮಾಡಲು ಘೋಸ್ಟ್‌ಸ್ಕ್ರಿಪ್ಟ್ ಬೇಕು. ಇವು ಎಲ್ಲಿವೆ ಅಂತ ಮೂಡಲಿಗೆ ದಾರಿ ಬರೆದುಕೊಡಬೇಕು. ನಮ್ಮ ಹುಡುಗ ಇಷ್ಟನ್ನೂ ಮಾಡಿದ್ದ. ಮಾಡದೆ ಬಿಟ್ಟದ್ದು ಒಂದೇ: ಸರ್ವರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ!

ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಕನ್ನಡ ಫಾಂಟ್ ಹೇಗೂ ಇರುತ್ತೆ. ಬಾಡಿಗೆ ಸರ್ವರ್ ಹಾಗಲ್ಲ. ಅದಕ್ಕೆ ಪರದೆಯೇ ಇಲ್ಲ, ಫಾಂಟ್ ಯಾಕೆ ಬೇಕು ಅಂತ ಬರಿಗೈಯಲ್ಲಿ ಬರುತ್ತೆ. ಲಿಬ್ರೆಆಫೀಸ್ ಪಾಪ ಅಕ್ಷರ ಹುಡುಕುತ್ತೆ, ಸಿಗದಿದ್ದರೆ ಚೌಕ ಬರೆಯುತ್ತೆ. ಡೆಬಿಯನ್, ಉಬುಂಟು ಲಿನಕ್ಸಿನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಉಚಿತ ಫಾಂಟುಗಳು ಸಿದ್ಧ ಪ್ಯಾಕೇಜಾಗಿಯೇ ಸಿಗುತ್ತವೆ. ಹಾಕಲು ಐದು ನಿಮಿಷ. ಎಫ್‌ಸಿ-ಲಿಸ್ಟ್ ಎಂಬ ಆದೇಶ ಕೊಟ್ಟರೆ ಯಾವ ಯಾವ ಕನ್ನಡ ಫಾಂಟ್ ಇದೆ ಅಂತ ಪಟ್ಟಿ ತೋರಿಸುತ್ತೆ. ಐದು ನಿಮಿಷದ ಈ ಕೆಲಸ ಆಗದೆ ಒಂದು ಮಗು ಕನ್ನಡ ಬಿಡುವ ಮಾತಾಡಿತು ನೋಡಿ.

ಫಾಂಟ್ ಹಾಕಿದ ಮೇಲೂ ಹಳೆಯ ಪಿಡಿಎಫ್ ಹಾಗೇ ಇತ್ತು. ಅದು ಆಗಲೇ ಪರಿವರ್ತನೆಯಾಗಿ ಕೂತಿತ್ತಲ್ಲ. ಮಗುವಿನಿಂದ ಇನ್ನೊಮ್ಮೆ ಕಳಿಸಿ ಅಂತ ಕೇಳಿಕೊಳ್ಳಬೇಕಾಯಿತು. ನಡುವೆ ಮತ್ತೊಂದು ತಮಾಷೆ. ಸರ್ವರಿಗೊಂದು ಹೊಸ ಆವೃತ್ತಿ ಹಾಕಿದ ಮೇಲೆ ಪರಿವರ್ತಕವೇ ನಿಂತುಹೋಯಿತು. ಎರಡು ರಾತ್ರಿ ತಲೆ ಕೆರೆದುಕೊಂಡೆ. ಕೊನೆಗೆ ಗೊತ್ತಾಯಿತು, ಲಿಬ್ರೆಆಫೀಸಿಗೆ ತನ್ನ ಸಣ್ಣಪುಟ್ಟ ಸಾಮಾನು ಇಟ್ಟುಕೊಳ್ಳಲು ಒಂದು ಫೋಲ್ಡರ್ ಬೇಕು, ವೆಬ್ ಸರ್ವರ್ ಖಾತೆಯ ಹೋಂ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲದೆ ಅದು ಮೌನವಾಗಿ ಮುಷ್ಕರ ಹೂಡಿತ್ತು. ಅಂದ ಹಾಗೆ ಉನೊಕಾನ್ವನ್ನು ಅದರ ತಯಾರಕರೇ ಕೈಬಿಟ್ಟಿದ್ದಾರೆ, ಉನೊಸರ್ವರ್ ಕಡೆಗೆ ಹೋಗಿ ಅನ್ನುತ್ತಾರೆ. ಹೊಸದಾಗಿ ಶುರು ಮಾಡುವವರು ಇದನ್ನು ನೆನಪಿಡಬೇಕು.

ಇನ್ನು ನಮ್ಮ ಹಿರಿಯರ ನುಡಿ, ಬರಹ ಪ್ರೀತಿ. ಒಬ್ಬ ಹಿರಿಯರು ತಮ್ಮ ಹಳೆಯ ಪಾಠಗಳನ್ನೆಲ್ಲ ಉದಾರವಾಗಿ ಕೊಟ್ಟರು. ಎಲ್ಲ ಹಳೆಯ ನುಡಿ ಫಾಂಟಿನವು, ಯೂನಿಕೋಡ್ ಅಲ್ಲ. ಅವು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಚಿಹ್ನೆಗಳು. ಸರ್ವರಿನಲ್ಲಿ ಪರಿವರ್ತಿಸಿದರೆ ಬೀದಿ ಜಗಳದಲ್ಲಿ ಬೈದ ಹಾಗೆ ಏನೇನೋ ಗುರುತುಗಳು ಬರುತ್ತವೆ. ಇದಕ್ಕೆ ಸರ್ವರಿನಲ್ಲಿ ಮದ್ದು ಹುಡುಕಬಾರದು. ಪಾಠ ಮೇಲೇರಿಸುವ ಮೊದಲೇ ಯೂನಿಕೋಡಿಗೆ ಬದಲಾಯಿಸಿ, ಒಮ್ಮೆ ಓದಿ ನೋಡಬೇಕು. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತವೆ. ಕನ್ನಡ ಬಲ್ಲ ಮನುಷ್ಯರೇ ಕೂತು ನೋಡಬೇಕು.

ಮೂರನೆಯದು ಮಿತಿಗಳು. ಮಗು ನೋಟ್‌ಬುಕ್ಕಿನ ಫೋಟೋ ತೆಗೆದು ಕಳಿಸಿದರೆ ಮೂರು ನಾಲ್ಕು ಎಂಬಿ ಆಗುತ್ತೆ. ಪಿಎಚ್‌ಪಿಯ ಮೂಲ ಮಿತಿ ಒಂದು ಕಡತಕ್ಕೆ 2 ಎಂಬಿ. ಅದನ್ನು ಏರಿಸದಿದ್ದರೆ "ಕಳಿಸಿದೆ ಅಂಕಲ್", "ಬಂದಿಲ್ಲ ಪುಟ್ಟ" ಅಂತ ವಾರವಿಡೀ ಪಂಚಾಯಿತಿ. ವೆಬ್ ಸರ್ವರಿನ ಮಿತಿಯನ್ನೂ ಜೊತೆಗೇ ಏರಿಸಬೇಕು. ಇನ್ನು ಗಡಿಯಾರ. ಸರ್ವರಿನ ಸಮಯ ಗ್ರೀನಿಚ್ಚಿನದಾಗಿ, ಮೂಡಲಿನಲ್ಲೂ ನಮ್ಮ ವಲಯ ಆರಿಸದಿದ್ದರೆ, ರಾತ್ರಿ ಎಂಟಕ್ಕೆ ಅಂತ ಇಟ್ಟ ಗಡುವು ನಮ್ಮಲ್ಲಿ ಮಾರನೆಯ ದಿನ ಬೆಳಗಿನ ಜಾವ ಒಂದೂವರೆಗೆ ಬರುತ್ತೆ. ಐದೂವರೆ ಗಂಟೆ ಬಡ್ಡಿಯಿಲ್ಲದ ಸಾಲ! ಮಕ್ಕಳಿಗೆ ಖುಷಿಯೋ ಖುಷಿ. ತಿಂಗಳು, ವಾರದ ಹೆಸರು ಕನ್ನಡದಲ್ಲಿ ಬರಬೇಕಾದರೆ ಸರ್ವರಿನಲ್ಲಿ ಕನ್ನಡದ ಲೊಕೇಲ್ ಕೂಡ ಹಾಕಿರಬೇಕು.

ನಾಲ್ಕನೆಯವನು ಕಾವಲುಗಾರ, ಕ್ಲಾಮ್‌ಎವಿ ಎಂಬ ಉಚಿತ ಆಂಟಿವೈರಸ್. ಝೆರಾಕ್ಸ್ ಅಂಗಡಿಯ ಪೆನ್ ಡ್ರೈವಿನಿಂದ ಏನೇನು ಬರುತ್ತೋ ಅಂತ ಹೆದರಿ ಹಾಕಿದೆ. ಮುಂದಿನ ಭಾನುವಾರ ಕ್ಲಾಸು ಶುರುವಾದ ಹತ್ತು ನಿಮಿಷಕ್ಕೆ ಇಡೀ ಸೈಟ್ ಮಲಗಿತು. ನೋಡಿದರೆ ನಮ್ಮದು 2 ಜಿಬಿ ಮೆಮೊರಿಯ ಸರ್ವರ್. ಕಾವಲುಗಾರ ತನ್ನ ವೈರಸ್ ಪಟ್ಟಿಯನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲು ಒಂದು ಜಿಬಿಗಿಂತ ಹೆಚ್ಚು ತಿಂದಿದ್ದ. ಜಾಗ ಸಾಲದೆ ಲಿನಕ್ಸ್ ಡೇಟಾಬೇಸನ್ನೇ ಹೊರಗೆ ಹಾಕಿತ್ತು. ಸೆಕ್ಯುರಿಟಿಯವನಿಗೆ ಕುರ್ಚಿ ಬೇಕು ಅಂತ ಕ್ಯಾಷಿಯರನ್ನು ಎಬ್ಬಿಸಿದ ಹಾಗೆ. ಮೆಮೊರಿಯನ್ನು 4 ಜಿಬಿಗೆ ಏರಿಸಿದೆವು, ಬಾಡಿಗೆ ಸ್ವಲ್ಪ ಹೆಚ್ಚಾಯಿತು. ಆ ಹೆಚ್ಚಿನ ಹಣ ಕೇಳಲು ಹೋದಾಗ ಎದುರಾದ ಮುಖಗಳನ್ನು ಇಲ್ಲಿ ವರ್ಣಿಸುವುದಿಲ್ಲ. ವಾರ್ಷಿಕೋತ್ಸವದ ಶಾಲು, ಹಾರ, ಮೈಸೂರು ಪೇಟಕ್ಕೆ ಯಾರೂ ಲೆಕ್ಕ ಕೇಳಿರಲಿಲ್ಲ.

ನನ್ನ ಅಭಿಪ್ರಾಯದ ಮೊದಲ ಮಾತು ಇಲ್ಲೇ ಇದೆ. ಹೊರನಾಡಿನ ನಾವು ವೇದಿಕೆಗೆ ಖರ್ಚು ಮಾಡುತ್ತೇವೆ, ಚರಂಡಿಗೆ ಮಾಡುವುದಿಲ್ಲ. ಕಾಣುವ ಕನ್ನಡಕ್ಕೆ ದುಡ್ಡಿದೆ, ಕಾಣದ ಕನ್ನಡಕ್ಕೆ ಇಲ್ಲ. ಆದರೆ ಮಗು ಬರೆದ ಪತ್ರ ಪತ್ರವಾಗಿ ಕಾಣಬೇಕಾದರೆ ಬೇಕಾದದ್ದು ಆ ಕಾಣದ ಕನ್ನಡವೇ.

ಹಾಗಂತ ಸಿಕ್ಕಿದ್ದೆಲ್ಲ ಹಾಕಬೇಕು ಅಂತಲ್ಲ. ಗಣಿತದ ಸೂತ್ರ ತೋರಿಸುವ ಲೇಟೆಕ್, ನಕ್ಷೆ ಬಿಡಿಸುವ ಗ್ರಾಫ್‌ವಿಜ್ ಅಂತ ಪಟ್ಟಿ ಉದ್ದ ಇದೆ. ಕಾಗುಣಿತ ಕಲಿಸುವ ಕ್ಲಾಸಿಗೆ ಅವು ಯಾಕೆ? ಹಾಕಿದ ಪ್ರತಿಯೊಂದನ್ನೂ ಕಾಲಕಾಲಕ್ಕೆ ಹೊಸದು ಮಾಡುತ್ತಿರಬೇಕು, ಇಲ್ಲದಿದ್ದರೆ ಕಳ್ಳನಿಗೆ ಇನ್ನೊಂದು ಕಿಟಕಿ. ಕೋಯಂಬೇಡಿಗೆ ಚೀಟಿ ಇಲ್ಲದೆ ಹೋದರೆ ಏನಾಗುತ್ತೆ ನಮ್ಮ ಮನೆಯವಳಿಗೆ ಗೊತ್ತು. ಎರಡು ಕೆಜಿ ಬೀನ್ಸ್ ತರಲು ಹೋಗಿ ಒಂದು ಮೂಟೆ ಈರುಳ್ಳಿ ಹೊತ್ತು ತಂದವನು ನಾನು.

ಕೆಲವರು ಕೇಳುತ್ತಾರೆ: "ಇಷ್ಟೆಲ್ಲ ಒದ್ದಾಟ ಯಾಕೆ ಸಾರ್? ದೊಡ್ಡ ಕಂಪನಿಗಳ ಉಚಿತ ಕ್ಲಾಸ್‌ರೂಮ್ ಇದೆಯಲ್ಲ, ಫಾಂಟು, ಕ್ರಾನು ಎಲ್ಲ ಅವರೇ ನೋಡ್ಕೋತಾರೆ." ನ್ಯಾಯವಾದ ಮಾತು. ಸರ್ವರ್ ನೋಡಿಕೊಳ್ಳಲು ನಿಮ್ಮಲ್ಲಿ ಇಬ್ಬರು ಆಸಕ್ತರು ಇಲ್ಲದಿದ್ದರೆ ಸ್ವಂತ ಸರ್ವರಿಗೆ ಕೈ ಹಾಕಲೇಬೇಡಿ, ಅದನ್ನೇ ಬಳಸಿ. ಅರ್ಧಂಬರ್ಧ ಸರ್ವರಿಗಿಂತ ಅದು ಎಷ್ಟೋ ಮೇಲು. ಆದರೆ ಇಬ್ಬರು ಸಿಕ್ಕರೆ ಸ್ವಂತದ್ದೇ ಇರಲಿ ಅಂತ ನನ್ನ ಮತ. ಉಚಿತ ಸೇವೆಯ ನಿಯಮ ನಾಳೆ ಬದಲಾದರೆ ನಾವು ಯಾರ ಕೌಂಟರ್ ಮುಂದೆ ನಿಲ್ಲಬೇಕು? ಮಕ್ಕಳ ಹೆಸರು, ಧ್ವನಿ, ಬರಹ ಎಲ್ಲ ಅದರಲ್ಲಿರುತ್ತೆ. 2023ರ ಡೇಟಾ ಸಂರಕ್ಷಣೆಯ ಕಾನೂನು ಹದಿನೆಂಟು ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಅದರ ಹಿಂದಿನ ಕಾಳಜಿ ಸಣ್ಣ ಕ್ಲಾಸಿಗೂ ಸಲ್ಲುತ್ತೆ. ಸ್ವಂತ ಸರ್ವರಾದರೆ ಏನಿದೆ, ಎಲ್ಲಿದೆ, ಯಾವಾಗ ಅಳಿಸಿದೆವು ಅಂತ ನಾವೇ ಉತ್ತರ ಕೊಡಬಹುದು.

ಎರಡನೆಯ ಮಾತು ಇನ್ನೂ ಮುಖ್ಯ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಹತ್ತಿರ. ಒಬ್ಬನ ಮೇಲೆ ನಂಬಿಕೆ ಇಲ್ಲ ಅಂತ ಮಾತ್ರವಲ್ಲ. ಒಬ್ಬನೇ ಎಲ್ಲ ತಿಳಿದಿರುವುದು ಸಂಸ್ಥೆಗೆ ಅಪಾಯ ಅಂತಲೂ ಹೌದು. ನಮ್ಮ ಸರ್ವರಿನ ತೊಂದರೆಯ ಬೇರು ಫಾಂಟಿನಲ್ಲೂ ಇರಲಿಲ್ಲ, ಕ್ರಾನಿನಲ್ಲೂ ಇರಲಿಲ್ಲ. ಎಲ್ಲವೂ ಒಬ್ಬ ಹುಡುಗನ ತಲೆಯಲ್ಲಿತ್ತು, ಅವನ ಜೊತೆ ಅದೂ ರೈಲು ಹತ್ತಿತು. ತಪ್ಪು ಅವನದಲ್ಲ. ಬರೆದಿಡು ಅಂತ ನಾವ್ಯಾರೂ ಕೇಳಲಿಲ್ಲ, ಚಪ್ಪಾಳೆ ತಟ್ಟಿ ಸುಮ್ಮನಾದೆವು.

ಈಗ ಒಂದು ನೂರು ಪುಟದ ಉದ್ದ ಪುಸ್ತಕ ಇಟ್ಟಿದ್ದೇನೆ, ಹಳೆಯ ಲೆಡ್ಜರಿನ ಹಾಗೆ. ಯಾವ ಯುಟಿಲಿಟಿ, ಯಾಕೆ ಹಾಕಿದ್ದು, ಯಾವ ದಿನ, ಎಲ್ಲಿದೆ, ಕೆಟ್ಟರೆ ಏನು ಮಾಡಬೇಕು, ಎಲ್ಲ ಕನ್ನಡದಲ್ಲೇ. ಪಾಸ್‌ವರ್ಡ್ ಮಾತ್ರ ಅದರಲ್ಲಿಲ್ಲ, ಅದು ಎರಡು ಮನೆಗಳಲ್ಲಿ ಬೇರೆ ಬೇರೆ ಲಕೋಟೆಯಲ್ಲಿದೆ. ಡೇಟಾಬೇಸ್, ಮಕ್ಕಳ ಕಡತಗಳಿರುವ ಮೂಡಲ್‌ಡೇಟಾ ಫೋಲ್ಡರ್, ಸಂರಚನೆಯ ಕಡತ, ಮೂರರ ಬ್ಯಾಕಪ್ಪೂ ಬೇರೆ ಕಡೆ ಹೋಗುತ್ತೆ. ಬ್ಯಾಕಪ್ ಇದೆ ಅಂದರೆ ಸಾಲದು, ಅದರಿಂದ ಮತ್ತೆ ಎಬ್ಬಿಸಿ ನೋಡಿರಬೇಕು. ಬ್ಯಾಂಕಿನಲ್ಲಿ ಡಿ.ಆರ್. ಡ್ರಿಲ್ ಅಂತ ಮಾಡುತ್ತಾರಲ್ಲ, ಅದೇ. ನಮ್ಮ ಮೊದಲ ಡ್ರಿಲ್ಲಿನಲ್ಲಿ ಡೇಟಾಬೇಸ್ ಎದ್ದಿತು, ಮಕ್ಕಳ ಕಡತ ಒಂದೂ ಬರಲಿಲ್ಲ. ಫೋಲ್ಡರಿನ ಹೆಸರನ್ನು ನಾನು ತಪ್ಪಾಗಿ ಕೊಟ್ಟಿದ್ದೆ! ಡ್ರಿಲ್ ಮಾಡದಿದ್ದರೆ ಅದು ನಿಜವಾದ ಅನಾಹುತದ ದಿನವೇ ಗೊತ್ತಾಗುತ್ತಿತ್ತು.

ಎರಡನೆಯ ಕೀಲಿ ಯಾರ ಹತ್ತಿರ ಅಂತೀರಾ? ಆ ಡಬ್ಬಿ ಡಬ್ಬಿ ಹುಡುಗಿಯ ಅಮ್ಮನ ಹತ್ತಿರ. ಫಾಂಟ್ ಹಾಕಿದ ರಾತ್ರಿ ಮಗು ಪತ್ರವನ್ನು ಮತ್ತೆ ಕಳಿಸಿದಳು. ತೆರೆದೆ. "ಅಜ್ಜಿ" ಅಂತ ಜಕಾರದ ಒತ್ತು ಸಮೇತ ನೆಟ್ಟಗೆ ಬಂತು. ಕೆಳಗೆ ಒಂದು ತಪ್ಪೂ ಇತ್ತು, "ಪ್ರೀತಿಯ" ಅನ್ನೋದನ್ನ "ಪ್ರಿತಿಯ" ಅಂತ ಬರೆದಿದ್ದಳು. ಮೇಡಂ ಕೆಂಪು ಶಾಯಿಯಲ್ಲಿ ದೀರ್ಘ ಹಾಕಿದರು. ಆ ಕೆಂಪು ಗೆರೆ ನೋಡಿ ನನಗಾದ ಸಂತೋಷ, ಪ್ರಮೋಷನ್ ಆರ್ಡರ್ ನೋಡಿದಾಗಲೂ ಆಗಿರಲಿಲ್ಲ.

ನಿಮ್ಮೂರಿನಲ್ಲೂ ಇಂಥ ಕ್ಲಾಸು ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ಒಂದು ಪುಟ ಕನ್ನಡ ಟೈಪ್ ಮಾಡಿ ನಿಮ್ಮ ಸರ್ವರಿಗೆ ಕಳಿಸಿ, ಅದು ಕನ್ನಡವಾಗಿಯೇ ತೆರೆಯುತ್ತಾ ನೋಡಿ. ಆಮೇಲೆ ಎರಡನೆಯ ಕೀಲಿ ಯಾರ ಹತ್ತಿರ ಇದೆ ಅಂತ ವಿಚಾರಿಸಿ. ಏನಂತೀರಿ?